ಉಂಡ ಮನೆಯ ಜಂತೆಗಳು

ನಮ್ಮ ಪಡಸಾಲೆಯ ಮಾಳಿಗೆಗೆ ಹದಿನೇಳು ಜಂತೆಗಳಿದ್ದವು. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಎಣಿಸಬಾರದೆಂದು ನನ್ನಜ್ಜಿ ಆಯಿ ಹೇಳಿದ ದಿನವೇ ನಾನು ನೆಲದ ಮೇಲೆ ಅಂಗಾತ ಮಲಗಿ ಅವನ್ನು ಎಣಿಸಿದ್ದೆ. ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿದ್ದ ಆ ಮನೆಯನ್ನು ಅರಳೆಯ ವ್ಯಾಪಾರಿಯಾಗಿದ್ದ ನನ್ನ ಅಜ್ಜ ಕಟ್ಟಿಸಿದ್ದ. ಬೀದಿಯ ಬದಿಗೆ ಉದ್ದನೆಯ ಕಟ್ಟೆ, ಅದರ ಒಳಗೆ ಪಡಸಾಲೆ, ಅದರಾಚೆ ನಡುಮನೆ, ನಡುಮನೆಯ ಎಡಕ್ಕೆ ದೇವರ ಕೋಣೆ, ಬಲಕ್ಕೆ ಅಡುಗೆಮನೆ, ಕಟ್ಟಕಡೆಗೆ ಹಿತ್ತಲು. ಹಿತ್ತಲಿನಲ್ಲಿ ಒಂದು ಬಾವಿ, ಒಂದು ಬೇವಿನ ಮರ, ಮರದ ನೆರಳಿನಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಸಾಗವಾನಿ ತೊಲೆಗಳು. ಮನೆಯ ಮೇಲೊಂದು ಮಹಡಿ ಎಬ್ಬಿಸಬೇಕೆಂದು ಅಪ್ಪ ಅವನ್ನು ದಾಂಡೇಲಿಯ ಕಡೆಯಿಂದ ತರಿಸಿದ್ದರು. ಮುಂಬಯಿಯ ಶಾಸನಸಭೆಗೆ ಆರಿಸಿ ಹೋದವರ ಮನೆ ಓಣಿಯ ತುದಿಯಿಂದಲೇ ಕಾಣಬೇಕೆಂದು ಅವರಿಗೆ ಯಾರೋ ಹೇಳಿದ್ದರು. ಅವ್ವನಿಗೆ ಮಾತ್ರ ಆ ತೊಲೆಗಳು ಹಪ್ಪಳ ಒಣಗಿಸುವುದಕ್ಕೆ ಅನುಕೂಲವಾದ ಜಾಗವಾಗಿದ್ದವು. ಅವುಗಳ ಮೇಲೆ ಆಕೆ ಹಾಸಿದ ಹಳೆಯ ಧೋತರ ಯಾವಾಗಲೂ ಇಂಗು ಜೀರಿಗೆಯ ವಾಸನೆ ಬೀರುತ್ತಿತ್ತು.

ಅಪ್ಪ ಎತ್ತರದ ಆಳು. ಮುಂಜಾನೆ ಇಷ್ಟಲಿಂಗ ಪೂಜೆ ಮುಗಿಸಿ, ಹಣೆಗೆ ವಿಭೂತಿ ಬಳಿದುಕೊಂಡು, ರುಮಾಲು ಸುತ್ತುತ್ತ ಹೊರಗೆ ಬಂದರೆ ಪಡಸಾಲೆ ಚಿಕ್ಕದಾದಂತೆ ಕಾಣುತ್ತಿತ್ತು. ಕಲಿತದ್ದು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯವರೆಗೆ, ಅದೂ ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಅವರಿಗೆ ಬರುತ್ತಿದ್ದದ್ದು ತಮ್ಮ ಸಹಿ ಮತ್ತು ರೇಲ್ವೆ ನಿಲ್ದಾಣಗಳ ಹೆಸರುಗಳು. ನಗೆ ಎಂದರೆ ಹಿತ್ತಲಿನ ಕಾಗೆಗಳು ಹಾರಿಹೋಗುವಂಥ ನಗೆ. ಒಬ್ಬರೇ ಕುಳಿತು ಉಣ್ಣುವುದು ಅವರಿಂದ ಆಗುತ್ತಿರಲಿಲ್ಲ. ಮುಂಬಯಿಯಿಂದ ಬರೆದ ಮೊದಲ ಕಾರ್ಡಿನಲ್ಲಿ ಸಮುದ್ರದ ಸುದ್ದಿಯಿಲ್ಲ, ಟ್ರಾಮಿನ ಸುದ್ದಿಯಿಲ್ಲ, ಸಭೆಯ ಸುದ್ದಿಯಂತೂ ಇಲ್ಲವೇ ಇಲ್ಲ. ಇದ್ದದ್ದು ಇಷ್ಟು: ‘ಇಲ್ಲಿಯ ಜನ ಒಬ್ಬೊಬ್ಬರೇ ಉಣ್ಣುತ್ತಾರೆ. ನನಗೆ ಹೊಟ್ಟೆ ತುಂಬುವುದಿಲ್ಲ.’ ಆಯಿ ಆ ಕಾರ್ಡನ್ನು ನನ್ನಿಂದ ಮೂರು ಸಲ ಓದಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು, ದೇವರ ಕೋಣೆಯ ಗೂಡಿನಲ್ಲಿ ಇಟ್ಟಳು.

ಆಯಿ ಅಪ್ಪನ ತಾಯಿ. ಆಕೆಯ ಕಾನೂನು ಮುಂಬಯಿಯ ಯಾವ ಕಾನೂನಿಗಿಂತಲೂ ಹಳೆಯದು, ಅದಕ್ಕೆ ತಿದ್ದುಪಡಿಯೂ ಇರಲಿಲ್ಲ. ಬಂದವರು ಯಾರೇ ಇರಲಿ, ಮೊದಲು ಊಟ, ಆಮೇಲೆ ಮಾತು. ದಾಸೋಹದ ಮನೆತನದಲ್ಲಿ ಹುಟ್ಟಿ ದಾಸೋಹದ ಮನೆಗೆ ಸೊಸೆಯಾಗಿ ಬಂದವಳು ಆಕೆ. ಹಸಿದವನ ಎದುರಿಗೆ ನಿಂತು ‘ಏನು ಬೇಕಿತ್ತು’ ಎಂದು ಕೇಳುವುದನ್ನು ಪಾಪವೆಂದೇ ತಿಳಿದಿದ್ದಳು. ಅಪ್ಪ ಸಭೆಯ ಸದಸ್ಯರಾದ ಮೇಲೆ ಧಾರವಾಡ, ನವಲಗುಂದ, ಉಪ್ಪಿನಬೆಟಗೇರಿ ಕಡೆಯ ಹಳ್ಳಿಗಳಿಂದ ಜನ ಅರ್ಜಿ ಹಿಡಿದು ಬರತೊಡಗಿದರು. ಆಯಿ ತಂಬಿಗೆಯಲ್ಲಿ ನೀರು ಹಿಡಿದು ಬಾಗಿಲಲ್ಲೇ ಅವರನ್ನು ತಡೆಯುತ್ತಿದ್ದಳು.

“ಬರ್ರಿ, ಕೈಕಾಲ ತೊಳಕೊಳ್ರಿ. ಹಸದ ಹೊಟ್ಟಿ ಮಾತು ಕಹಿ ಇರತೈತಿ. ಉಂಡ ಮ್ಯಾಲ ಮಾತಾಡೂಣು.”

ಪಡಸಾಲೆಯಲ್ಲಿ ಪಂಕ್ತಿ ಬೀಳುತ್ತಿತ್ತು. ಬಿಸಿ ಜೋಳದ ರೊಟ್ಟಿ, ಎಣ್ಣೆ ಮೇಲೆ ತೇಲುವ ಎಣಗಾಯಿ, ಅಗಸೆ ಹಿಂಡಿ, ಹಸಿ ಉಳ್ಳಾಗಡ್ಡಿ, ಗಡಿಗೆಯಿಂದ ಚಿಪ್ಪಿನಂತೆ ಎತ್ತಿ ಹಾಕುವ ಕೆನೆಮೊಸರು. ಅಪ್ಪ ಪಂಕ್ತಿಯ ನಡುವೆಯೇ ಕುಳಿತು ಉಣ್ಣುತ್ತಿದ್ದರು, ಉಣ್ಣುತ್ತಲೇ ಮುಂಬಯಿಯ ಕತೆ ಹೇಳುತ್ತಿದ್ದರು. ಸಭಾಪತಿಗಳು ಗಂಟೆ ಬಾರಿಸಿದಾಗ ದೊಡ್ಡ ದೊಡ್ಡ ವಕೀಲರು ಶಾಲೆಯ ಹುಡುಗರಂತೆ ಹೇಗೆ ಕುಳಿತುಬಿಡುತ್ತಾರೆ, ಮೊದಲ ಸಲ ತಿರುಗುವ ಬೀಸಣಿಗೆಯ ಕೆಳಗೆ ಕುಳಿತಾಗ ತಮ್ಮ ರುಮಾಲಿನ ಸೆರಗು ಹೇಗೆ ಪಕ್ಕದವರ ಮುಖಕ್ಕೆ ಬಡಿಯಿತು, ಎಲ್ಲವನ್ನೂ ಅಭಿನಯಿಸಿ ತೋರಿಸುತ್ತಿದ್ದರು. ಜನ ನಗುತ್ತ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದರು. ನಾನು ಕಿಟಕಿಯ ಕಟ್ಟೆಯ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದೆ. ಆ ಕಿಟಕಿಯಿಂದ ಹೊರಗಿನ ಕಟ್ಟೆಯ ಮಾತೂ ಕೇಳುತ್ತಿತ್ತು, ಒಳಗಿನ ಪಂಕ್ತಿಯ ಮಾತೂ ಕೇಳುತ್ತಿತ್ತು. ಹೀಗಾಗಿ ಹಿರಿಯರಿಗೆ ತಿಳಿಯದ ಒಂದು ಸಂಗತಿ ನನಗೆ ತಿಳಿದಿತ್ತು. ಹೊರಗೆ ಕಟ್ಟೆಯ ಮೇಲೆ ಕುಳಿತಾಗ ಅವರು ಹಲ್ಲು ಕಡಿಯುತ್ತ, “ಇವತ್ತ ಕೇಳೇ ಬಿಡೂಣು, ಎರಡರಾಗ ಒಂದ ಆಗೇಬಿಡ್ಲಿ” ಎನ್ನುತ್ತಿದ್ದರು. ಅದೇ ಬಾಯಿಗಳು ಊಟವಾಗಿ, ಎಲೆ ಅಡಿಕೆ ಹಾಕಿಕೊಂಡ ಮೇಲೆ, ಅಪ್ಪ “ಏನ್ ಬಂದಿದ್ರಿ?” ಎಂದು ಕೇಳಿದರೆ ಹೀಗೆನ್ನುತ್ತಿದ್ದವು:

“ಏನಿಲ್ಲರಿ ಅಪ್ಪಾರ, ಹಿಂಗ ನೋಡಿ ಹೋಗೂಣಂತ ಬಂದಿದ್ವಿ.”

ಒಮ್ಮೆ ನಾನು ಆಯಿಯನ್ನು ಕೇಳಿಯೇಬಿಟ್ಟೆ. ಹೊರಗೆ ಅಷ್ಟು ಸಿಟ್ಟು ಮಾಡಿದವರು ಒಳಗೆ ಯಾಕೆ ಸುಮ್ಮನಾಗುತ್ತಾರೆ? ಆಯಿ ನನ್ನ ಜಡೆ ಬಿಗಿಯುತ್ತ ಹೆಮ್ಮೆಯಿಂದ ಹೇಳಿದಳು:

“ಮರ್ಯಾದಿ ಇದ್ದ ಮಂದಿ ಅವರು. ಉಂಡ ಮನಿ ಜಂತಿ ಎಣಿಸಬಾರದು ನೀಲಾ. ಅನ್ನ ಹಾಕಿದವರ ಹುಳುಕು ಹುಡುಕಬಾರದು.”

ಅಂದೇ ನಾನು ಮಲಗಿ ಹದಿನೇಳನ್ನೂ ಎಣಿಸಿದೆ. ಅವುಗಳಲ್ಲಿ ಒಂದಕ್ಕೆ ಗೆದ್ದಲು ಹಿಡಿದಿತ್ತು.

ಆದರೆ ಈ ಅನ್ನದಾನದ ಕೀರ್ತಿ ಹೊತ್ತವರು ಅಪ್ಪ, ಹೊಗೆ ಕುಡಿದವಳು ಅವ್ವ ಎಂಬುದನ್ನು ಇಲ್ಲಿ ಬರೆಯದೆ ಹೋದರೆ ನಾನು ಕಲಿತ ವಿದ್ಯೆ ಸುಳ್ಳಾದೀತು. ಮುಂಜಾನೆ ಒಲೆಯ ಮುಂದೆ ಕುಳಿತರೆ ಆಕೆ ಏಳುತ್ತಿದ್ದದ್ದು ಮಧ್ಯಾಹ್ನವೇ. ರೊಟ್ಟಿ ತಟ್ಟುವ ಸಪ್ಪಳ ನಮ್ಮ ಮನೆಯ ಗಡಿಯಾರವಾಗಿತ್ತು. ಅದು ನಿಂತಿತೆಂದರೆ ಬಂದವರೆಲ್ಲರ ಊಟವಾಯಿತೆಂದು ಅರ್ಥ. ನೆರೆಯ ಹೆಂಗಸರು ಬಂದು “ನಿನಗೇನವ್ವಾ, ಮೆಂಬರ ಹೆಂಡತಿ” ಎಂದರೆ ಅವ್ವ ಹಿಟ್ಟಿನ ಕೈಯಿಂದಲೇ ಮುಖದ ಮೇಲಿನ ಕೂದಲು ಸರಿಸಿ ಹೇಳುತ್ತಿದ್ದಳು:

“ಅವರು ಮುಂಬೈದಾಗ ವರ್ಷಕ್ಕ ನಾಕ ದಿನಾ ಮೆಂಬರು. ನಾ ಇಲ್ಲಿ ದಿನಾ ಮೆಂಬರಿಕಿ ಮಾಡಾಕತ್ತೇನಿ.”

ಹಳ್ಳದಾಚೆಯ ಹುಣಸಿಕೊಪ್ಪದಿಂದ ನಾಲ್ಕು ಜನ ಹಿರಿಯರು ಮೂರನೆಯ ಸಲ ಬಂದದ್ದು ನಾನು ಹನ್ನೆರಡು ತುಂಬಿ, ಕನ್ನಡ ಶಾಲೆಯ ನಾಲ್ಕು ತರಗತಿಗಳ ಮೇಲೆ ಇಂಗ್ಲಿಷ್ ಶಾಲೆಯ ಎರಡನೆಯ ತರಗತಿಯನ್ನೂ ಮುಗಿಸಿ, ಬೇಸಿಗೆಯ ರಜೆಯಲ್ಲಿದ್ದಾಗ. ಅವರ ಬೇಡಿಕೆ ಸಣ್ಣದು. ಊರಿಗೂ ಹುಬ್ಬಳ್ಳಿಗೆ ಬರುವ ಸಡಕಿಗೂ ನಡುವೆ ಒಂದು ಹಳ್ಳವಿದೆ. ಮಳೆ ಹಿಡಿದರೆ ಅದು ಎರಡೆರಡು ದಿನ ಇಳಿಯುವುದಿಲ್ಲ. ಅದರ ಮೇಲೊಂದು ಕಲ್ಲಿನ ಸೇತುವೆ ಬೇಕು. ಚುನಾವಣೆಯಲ್ಲಿ ಆ ಹಳ್ಳದ ದಂಡೆಯ ಮೇಲೆಯೇ ನಿಂತು ಅಪ್ಪ ಮಾತು ಕೊಟ್ಟಿದ್ದರು. ಮೊದಲಿನ ಎರಡೂ ಸಲ ಆ ಹಿರಿಯರು ಉಂಡು, ನಕ್ಕು, ‘ಹಿಂಗ ನೋಡಿ ಹೋಗೂಣಂತ’ ಬಂದವರಾಗಿ ಹಿಂದಿರುಗಿದ್ದರು. ಈ ಸಲ ಅವರ ಹಿಂದೆ ಒಬ್ಬ ಹೆಂಗಸೂ ಬಂದಿದ್ದಳು. ಆಕೆ ನಮ್ಮ ಓಣಿಯ ಕೊನೆಯಲ್ಲಿದ್ದ ಸೂಲಗಿತ್ತಿ ನಾಗವ್ವ. ನನ್ನನ್ನು ಈ ಲೋಕಕ್ಕೆ ಎತ್ತಿಕೊಂಡ ಕೈಗಳು ಆಕೆಯವು. ಆದರೂ ಬಾಣಂತಿಕೋಣೆಯ ದಿನಗಳನ್ನು ಬಿಟ್ಟರೆ ಆ ಕೈಗಳು ನಮ್ಮ ಮನೆಗೆ ಹಿತ್ತಲ ಬಾಗಿಲಿನಿಂದಲೇ ಬರಬೇಕಿತ್ತು, ಬಾವಿಯ ಕಲ್ಲಿನ ಮೇಲೆ ಕುಳಿತೇ ಉಣ್ಣಬೇಕಿತ್ತು. ಬಂದವರಲ್ಲೆಲ್ಲ ದೇವರನ್ನು ಕಾಣುತ್ತಿದ್ದ ಆಯಿಗೆ ಇದರಲ್ಲಿ ಯಾವ ತೊಡಕೂ ಕಂಡಿರಲಿಲ್ಲ. ಅಂದು ನಾಗವ್ವ ಬೀದಿಯ ಕಡೆಯಿಂದ ಬಂದಳು, ಬಂದು ಮುಂದಿನ ಕಟ್ಟೆಯ ಮೇಲೆ ಕುಳಿತಳು.

ಆಕೆಯ ಮಗಳು ಕಲ್ಲವ್ವನನ್ನು ಹುಣಸಿಕೊಪ್ಪಕ್ಕೆ ಕೊಟ್ಟಿದ್ದರು. ಮೊದಲನೆಯ ಹೆರಿಗೆ ತವರಿನಲ್ಲಿ ಆಯಿತು. ಎರಡನೆಯದು ಹಿಂದಿನ ವರ್ಷದ ಮಳೆಗಾಲದಲ್ಲಿ, ಗಂಡನ ಮನೆಯಲ್ಲಿ. ಬೇನೆ ಶುರುವಾದ ಸುದ್ದಿ ಕೇಳಿ ನಾಗವ್ವ ಓಡಿದಳು. ಹಳ್ಳ ತುಂಬಿತ್ತು. ಊರಿನ ಅರ್ಧ ಮಕ್ಕಳ ಹೊಕ್ಕುಳು ಕೊಯ್ದವಳು ತನ್ನ ಮಗಳ ಸಲುವಾಗಿ ಈಚೆಯ ದಂಡೆಯಲ್ಲಿ ಎರಡು ದಿನ ನಿಂತಳು. ಆಚೆಯ ದಂಡೆಗೆ ಅಳಿಯ ಬಂದು ಏನೋ ಒದರಿದ. ನೀರಿನ ಸಪ್ಪಳದಲ್ಲಿ ಕೇಳಲಿಲ್ಲ. ಆಮೇಲೆ ಅವನು ಎರಡೂ ಅಂಗೈ ಬರಿದಾಗಿಸಿ ಮೇಲೆತ್ತಿ ತೋರಿಸಿದ. ಮಗಳು ಉಳಿದಿದ್ದಳು, ಕೂಸು ಉಳಿದಿರಲಿಲ್ಲ. ಈಗ ಕಲ್ಲವ್ವ ಮತ್ತೆ ಬಸುರಿ, ಆಷಾಢಕ್ಕೆ ದಿನ ತುಂಬುತ್ತಿದ್ದವು. ಅವಳನ್ನು ನೋಡಿಕೊಂಡೇ ನಾಗವ್ವ ಅಂದು ಆ ಹಿರಿಯರ ಹಿಂದೆ ನಡೆದು ಬಂದಿದ್ದಳು. ಓಣಿಯಲ್ಲಿ ಎಲ್ಲರಿಗೂ ಇದು ಗೊತ್ತಿತ್ತು. ನಮ್ಮ ಮನೆಯಲ್ಲೂ ಗೊತ್ತಿತ್ತು.

ಪಡಸಾಲೆಯಲ್ಲಿ ಎಂದಿನಂತೆ ಪಂಕ್ತಿ ಬಿತ್ತು. ಆಯಿ ನಾಗವ್ವನನ್ನು ಕಂಡು, ಹುಬ್ಬು ಗಂಟಿಕ್ಕಿ, ಹಿತ್ತಲಿಗೆ ಬಾ ಎಂದಳು. ನಾಗವ್ವ ಏಳಲಿಲ್ಲ. ಆಯಿ ಏನು ತಿಳಿದಳೋ, ಒಂದು ತಾಟನ್ನು ಕಟ್ಟೆಗೇ ತಂದು ಆಕೆಯ ಮುಂದಿಟ್ಟಳು. ನಾಗವ್ವ ಎರಡು ಬೆರಳಿನಿಂದ ಆ ತಾಟನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದಳು.

“ನನ್ನ ಅನ್ನಾ ಒಲ್ಲೆ ಅಂತೀಯೇನ ನಾಗೀ?” ಆಯಿ ತಾಟನ್ನು ಮತ್ತೆ ಮುಂದಕ್ಕೆ ಸರಿಸಿದಳು.

“ಅನ್ನಾ ಒಲ್ಲೆ ಅನ್ನಾಕ ನನಗೇನ ಹುಚ್ಚ ಹಿಡದೈತೇನ್ರಿ ಆಯಿ? ಮೂರ ಹರದಾರಿ ನಡದ ಬಂದೇನಿ, ಹೊಟ್ಟಿ ಚುರುಚುರು ಅನ್ನಾಕತ್ತೈತಿ. ಆದ್ರ ಇವತ್ತ ಮದ್ಲ ಮಾತ ಬಡಸ್ರಿ. ರೊಟ್ಟಿ ಆಮ್ಯಾಲ ಬಡಸ್ರಿ.”

ಪಂಕ್ತಿಯಲ್ಲಿದ್ದವರ ಕೈಗಳು ತುತ್ತಿನ ಹತ್ತಿರ ನಿಂತುಬಿಟ್ಟವು. ಹುಣಸಿಕೊಪ್ಪದ ಹಿರಿಯರಲ್ಲೊಬ್ಬ, ಶಿವಪ್ಪ, ನಾಚಿಕೆಯಿಂದ ಕೆಂಪಾಗಿ ಗದರಿಸಿದ:

“ಏ ನಾಗವ್ವಾ, ಸುಮ್ಕಿರು. ಓಟ ಇಲ್ಲದಾಕಿ ನೀ ಏನ ಕೇಳ್ತಿ?”

“ನಿಮಗ ಓಟ ಐತೆಲ್ಲ, ನೀವ ಏನ ಕೇಳೀರಿ ಶಿವಪ್ಪಣ್ಣಾ? ಎರಡ ಸಲಾ ಬಂದ್ರಿ, ಎರಡ ಸಲಾ ಮಸರ ರುಚಿ ಇತ್ತಂತ ಬಂದ ಹೇಳಿದ್ರಿ.”

ಅಪ್ಪ ಎದ್ದು ಹೊಸ್ತಿಲಿಗೆ ಬಂದರು. ಸಿಟ್ಟಾಗಿದ್ದರೆಂದು ಹೇಳಲಾರೆ. ತಾಟಿನಿಂದ ಅರ್ಧಕ್ಕೆ ಎದ್ದ ಮನುಷ್ಯನ ಗಲಿಬಿಲಿ ಅವರ ಮುಖದಲ್ಲಿತ್ತು.

“ನಾಗವ್ವಾ, ನಿಮ್ಮ ಸೇತುವಿ ಮಾತ ನಾ ಮರತಿಲ್ಲ. ಸಭಾದಾಗ ಹೇಳೇನಿ. ಅಲ್ಲಿ ಮಾತಾಡಿದ್ದೆಲ್ಲಾ ಬರದ ಛಾಪಸ್ತಾರ.”

“ಛಾಪಿಸಿದ್ದು ನಿಮ್ಮ ಮನ್ಯಾಗ ಐತೇನ್ರಿ?”

ಇತ್ತು. ಸಭೆಯ ನಡಾವಳಿಯ ದಪ್ಪ ಪುಸ್ತಕಗಳು ಅಂಚೆಯಲ್ಲಿ ಬರುತ್ತಿದ್ದವು. ಅಪ್ಪ ಅವುಗಳಿಗೆ ವಿಭೂತಿ ಹಚ್ಚಿ ದೇವರ ಕೋಣೆಯ ಹೊರಗಿನ ಗೂಡಿನಲ್ಲಿ ಸಾಲಾಗಿ ಇಡುತ್ತಿದ್ದರು. ಮಡಿಕೆ ಬಿಡಿಸದೆ ಹೊಲಿದು ಬಂದ ಅವುಗಳ ಹಾಳೆಗಳ ಅಂಚನ್ನು ಓದುವುದಕ್ಕೆಂದು ಯಾರೂ ಕೊಯ್ದಿರಲಿಲ್ಲ. ನಾಗವ್ವ ಕಿಟಕಿಯ ಕಡೆ ತಿರುಗಿ ನನ್ನನ್ನು ಕರೆದಳು.

“ನೀಲವ್ವಾ, ಬಾ ಇಲ್ಲೆ. ಹುಟ್ಟಿದಾಗ ನೀ ಅತ್ತೇ ಇರಲಿಲ್ಲ. ತಂಬಿಗಿ ಬಡದು ನಿನ್ನ ಬಾಯಿ ತಗಸಿದಾಕಿ ನಾ. ಅದ ಬಾಯಿಲೆ ಓದಿ ಹೇಳು. ಹುಣಸಿಕೊಪ್ಪ ಅಂತ ಎಲ್ಲೆ ಐತಿ, ಬೆರಳ ಇಟ್ಟ ತೋರಸು.”

ನಾನು ಅಪ್ಪನ ಮುಖ ನೋಡಿದೆ. ಬೇಡ ಎಂದು ಅಪ್ಪ ಕಣ್ಸನ್ನೆ ಮಾಡಿದ್ದರೆ ನಾನು ಖಂಡಿತ ಸುಳ್ಳು ಹೇಳುತ್ತಿದ್ದೆ, ಯಾವುದೋ ಸಾಲಿನ ಮೇಲೆ ಬೆರಳಿಟ್ಟು ಇಲ್ಲಿದೆ ಎನ್ನುತ್ತಿದ್ದೆ. ಅಲ್ಲಿ ಇಂಗ್ಲಿಷ್ ಓದಬಲ್ಲವಳು ನಾನೊಬ್ಬಳೇ. ಅಪ್ಪ ಎಂಜಲುಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಹೇಳಿದರು:

“ಓದು ನೀಲಾ. ಇದ್ದದ್ದ ಹೇಳು.”

ಅವ್ವನ ಚೂರಿ ತಂದು ಒಂದೊಂದೇ ಹಾಳೆಯ ಅಂಚು ಕೊಯ್ದೆ. ಕಾಗದ ಸೀಳುವ ಸದ್ದಿನ ನಡುವೆ ಒಳಗಿನಿಂದ ರೊಟ್ಟಿ ತಟ್ಟುವ ಸದ್ದು ಬರುತ್ತಿತ್ತು. ಪುಸ್ತಕದ ಕೊನೆಯಲ್ಲಿ ಸದಸ್ಯರ ಹೆಸರುಗಳೂ, ಅವರು ಮಾತನಾಡಿದ ಪುಟಗಳೂ ಇರುತ್ತವೆಂದು ನನಗೆ ಆಗಲೇ ಗೊತ್ತಿತ್ತು. ಅಪ್ಪನ ಹೆಸರನ್ನು ಅಚ್ಚಿನಲ್ಲಿ ನೋಡುವ ಆಸೆಯಿಂದ ಹಿಂದೊಮ್ಮೆ ಕದ್ದು ಕೊನೆಯ ಹಾಳೆಯನ್ನಷ್ಟೇ ಇಣುಕಿ ನೋಡಿದ್ದೆ. ಎಲ್ಲ ಪುಸ್ತಕಗಳಲ್ಲೂ ಹುಡುಕಿದೆ. ಅಪ್ಪ ಮೂರು ಕಡೆ ಇದ್ದರು. ಒಂದರಲ್ಲಿ ಪ್ರಮಾಣವಚನ ಸ್ವೀಕರಿಸಿದ್ದರು. ಇನ್ನೊಂದರಲ್ಲಿ ಯಾರದೋ ಗೊತ್ತುವಳಿಯನ್ನು ಅನುಮೋದಿಸಿದ್ದರು. ಮತ್ತೊಂದರಲ್ಲಿ, ಮರಣ ಹೊಂದಿದ ಒಬ್ಬ ಸದಸ್ಯರ ಗೌರವಾರ್ಥ ಎಲ್ಲರ ಜೊತೆ ಎದ್ದು ನಿಂತಿದ್ದರು. ಮೂರನ್ನೂ ಕನ್ನಡದಲ್ಲಿ ಹೇಳಿದೆ. ಆಮೇಲೆ ಹೇಳಬೇಕಾದದ್ದನ್ನೂ ಹೇಳಿದೆ.

“ಹುಣಸಿಕೊಪ್ಪ ಇಲ್ಲ ನಾಗವ್ವಾ. ಎಲ್ಲೂ ಇಲ್ಲ.”

ಅಪ್ಪ ಹೊಸ್ತಿಲ ಮೇಲೆ ಕುಳಿತುಬಿಟ್ಟರು. ನಮ್ಮಲ್ಲಿ ಹೊಸ್ತಿಲ ಮೇಲೆ ಯಾರೂ ಕೂರುವುದಿಲ್ಲ.

“ಸಭಾದಾಗ ಹೇಳೇನಿ ಅಂದದ್ದು ಸುಳ್ಳ ನಾಗವ್ವಾ. ಆದ್ರ ಕೇಳಾಕ ಹೋಗಿದ್ದು ಖರೇ. ಕನ್ನಡದಾಗ ಎದ್ದ ಮಾತಾಡಿದ್ರ ತಿಳಿಯವ್ರು ಅಲ್ಲೆ ಬೆರಳೆಣಿಕಿ ಮಂದಿ. ಅದಕ್ಕ ನಾಚಿ, ಮಂತ್ರಿಗಳ ಮನೀಗೇ ಹೋಗಿ ಹೇಳೂಣಂತ ನಿಮ್ಮ ಅರ್ಜಿ ಕಿಸೇದಾಗ ಇಟ್ಕೊಂಡ ಹೋದೆ. ಅವರು ಬಾಗಲತನಕಾ ಬಂದು ಕೈ ಹಿಡದ ಒಳಗ ಕರಕೊಂಡ್ರು. ತಾಟ ಹಾಕಿದ್ರು. ಪುರಿ ಬಡಿಸಿದ್ರು, ಶ್ರೀಖಂಡ ಬಡಿಸಿದ್ರು, ಸಾಕ ಅಂದ್ರೂ ಬಿಡಲಿಲ್ಲ. ಉಂಡ ಮ್ಯಾಲ ‘ಏನ್ ಬಂದಿದ್ರಿ’ ಅಂತ ಕೇಳಿದ್ರು. ನಾ ಏನ ಹೇಳಿದೆ ಗೊತ್ತೈತೇನು? ‘ಏನಿಲ್ಲರಿ, ಹಿಂಗ ನೋಡಿ ಹೋಗೂಣಂತ ಬಂದಿದ್ದೆ’ ಅಂದೆ.”

ನಾಗವ್ವ ಅಪ್ಪನನ್ನೇ ದಿಟ್ಟಿಸಿದಳು. ಆಕೆಯ ಮುಖದ ಬಿಗಿ ಎಲ್ಲೋ ಸ್ವಲ್ಪ ಸಡಿಲವಾಯಿತು.

“ಹಂಗಾರ ಅಲ್ಲೂ ಒಬ್ಬಾಕಿ ಆಯಿ ಇದ್ಲೇನ್ರಿ?”

ಮೊದಲು ನಕ್ಕವನು ಶಿವಪ್ಪ. ಆಮೇಲೆ ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಪ್ಪ ಕೂಡ ನಕ್ಕರು, ಆದರೆ ಅಂದು ಕಾಗೆಗಳು ಹಾರಲಿಲ್ಲ. ನಗದೆ ಉಳಿದವಳು ಆಯಿ ಒಬ್ಬಳೇ. ಇಡೀ ಬದುಕು ಪುಣ್ಯವೆಂದು ಮಾಡಿಕೊಂಡು ಬಂದ ಕೆಲಸ ಎಷ್ಟು ಜನರ ಬಾಯಿಗೆ ಬೀಗವಾಗಿತ್ತೆಂಬುದನ್ನು ಒಬ್ಬ ಮುದುಕಿ ಒಂದೇ ಗಳಿಗೆಯಲ್ಲಿ ಲೆಕ್ಕಕ್ಕೆ ತಂದುಕೊಳ್ಳುವುದು ಸುಲಭವಲ್ಲ. ಆಕೆ ಕೈಯಲ್ಲಿದ್ದ ಸೌಟನ್ನು ನನಗೆ ಕೊಟ್ಟಳು.

“ತಾಟ ಎಲ್ಲಾ ಮುಚ್ಚಿಡು ನೀಲಾ. ಮಾತ ಮುಗಿಯೂತನಾ ಯಾರೂ ಉಣ್ಣಬ್ಯಾಡ್ರಿ.”

ಅಂದು ಮೊದಲ ಸಲ ನಮ್ಮ ಪಡಸಾಲೆಯಲ್ಲಿ ಹಸಿದ ಹೊಟ್ಟೆಯ ಮಾತು ನಡೆಯಿತು. ಆಯಿ ಹೇಳುತ್ತಿದ್ದಂತೆ ಅದು ಕಹಿಯಾಗಿಯೇ ಇತ್ತು. ಮುಂದಿನ ಅಧಿವೇಶನದಲ್ಲಿ ಎದ್ದು ನಿಂತು, ಕನ್ನಡದಲ್ಲೇ, ಪ್ರಶ್ನೆ ಕೇಳುವುದಾಗಿ ಅಪ್ಪ ಒಪ್ಪಿದರು. ಆದರೆ ಅಧಿವೇಶನ ಮಳೆಗಾಲದ ನಂತರ ಎಂದರು. ನಾಗವ್ವ ತಲೆ ಅಲ್ಲಾಡಿಸಿದಳು.

“ಸಭಾ ಯಾವಾಗರೆ ಸೇರ್ಲಿ. ಹಳ್ಳಾ ಸಭಾ ನೋಡಿ ತುಂಬೂದಿಲ್ಲರಿ. ನನ್ನ ಮಗಳ ಬ್ಯಾನಿ ಕೂಡಾ ನೋಡೂದಿಲ್ಲ.”

ಆಗ ರೊಟ್ಟಿ ತಟ್ಟುವ ಸದ್ದು ನಿಂತಿತು. ಪಡಸಾಲೆಯ ಮಾತಿನಲ್ಲಿ ಎಂದೂ ಬಾಯಿ ಹಾಕದ ಅವ್ವ ಹಿಟ್ಟಿನ ಕೈಯಲ್ಲೇ ನಡುಮನೆಯ ಬಾಗಿಲಿಗೆ ಬಂದು ನಿಂತಳು. ಯಾರ ಮುಖವನ್ನೂ ನೋಡದೆ, ಬಾಗಿಲ ಚೌಕಟ್ಟಿಗೆ ಹೇಳುವಂತೆ ಹೇಳಿದಳು:

“ಹಿತ್ತಲದಾಗ ತೊಲಿ ಬಿದ್ದಾವಲ್ಲ. ಹಪ್ಪಳಾ ನಾ ಬ್ಯಾರೆ ಕಡೆ ಒಣಗಸ್ತೇನಿ.”

ಅಪ್ಪನ ಮಹಡಿ ಅಲ್ಲಿಗೆ ಮುಗಿಯಿತು. ಅವರು ಅವ್ವನನ್ನು ನೋಡಿದ ನೋಟ ನನಗಿನ್ನೂ ನೆನಪಿದೆ. ಇಷ್ಟು ವರ್ಷ ತಮ್ಮ ಮನೆಯ ಒಲೆಯ ಮುಂದೆ ಇಂಥವಳೊಬ್ಬಳು ಕುಳಿತಿದ್ದಳೇ ಎಂದು ಕೇಳುವಂತಿತ್ತು ಅದು. ಆಮೇಲೆ ಎಲ್ಲರೂ ಉಂಡರು. ಆಯಿ ಕಟ್ಟೆಗೆ ಬಂದು ನಾಗವ್ವನಿಗೆ ತಾನೇ ಬಡಿಸಿದಳು, ಬೆಣ್ಣೆ ಇಟ್ಟಳು. ಪಡಸಾಲೆಯೊಳಕ್ಕೆ ಮಾತ್ರ ಕರೆಯಲಿಲ್ಲ. ಆ ಹೊಸ್ತಿಲನ್ನು ದಾಟಲು ನಮ್ಮ ಮನೆಗೆ ಇನ್ನೂ ಎಷ್ಟೋ ವರ್ಷ ಹಿಡಿಯಿತು. ಓದುಗರಿಗೆ ಹಿತವಾಗಲೆಂದು ಅದನ್ನು ಇಲ್ಲಿ ಮುಂಚಿತವಾಗಿ ದಾಟಿಸಲಾರೆ.

ಎರಡು ವಾರದೊಳಗೆ ಹುಣಸಿಕೊಪ್ಪದ ಚಕ್ಕಡಿಗಳು ಬಂದು ತೊಲೆಗಳನ್ನು ಒಯ್ದವು. ಅಪ್ಪ ನನ್ನನ್ನೂ ಕರೆದುಕೊಂಡು ಹೋದರು. ಹಳ್ಳದ ನಡುವೆ ಊರವರು ಕಲ್ಲು ಪೇರಿಸಿ ಕಟ್ಟೆ ಎಬ್ಬಿಸಿದ್ದರು. ಅಪ್ಪ ಧೋತರ ಮೇಲೆ ಕಟ್ಟಿ, ತೊಲೆಗೆ ಹೆಗಲು ಕೊಡಲು ಹೋಗಿ, ಕಾಲು ಜಾರಿ ಕೆಸರಿನಲ್ಲಿ ಕುಳಿತರು. “ಮೆಂಬರ ಸಾಹೇಬ್ರು ಅಧಿವೇಶನ ಶುರು ಮಾಡಿದ್ರು” ಎಂದು ಶಿವಪ್ಪ ಕೂಗಿದಾಗ ಇಡೀ ಊರು ನಕ್ಕಿತು, ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು. ಆಷಾಢದಲ್ಲಿ ಹಳ್ಳ ತುಂಬಿ ಬಂದಿತು. ನಾಗವ್ವ ನಮ್ಮ ಮಹಡಿಯ ತೊಲೆಗಳ ಮೇಲೆ ನಡೆದು ಮಗಳ ಮನೆ ಸೇರಿದಳು. ಮೂರನೆಯ ದಿನ ಅಳಿಯ ಅದೇ ದಾರಿಯಲ್ಲಿ ನಡೆದು ಬಂದ. ಒದರಲಿಲ್ಲ, ಕೈಸನ್ನೆ ಮಾಡಲಿಲ್ಲ. ಮುಂಜಾನೆ ನಮ್ಮ ಕಟ್ಟೆಯ ಮೇಲೆ ಕುಳಿತು, ಆಯಿಯ ಅಂಗೈಯಲ್ಲಿ ಬೆಲ್ಲದ ಚೂರು ಇಟ್ಟ. ಹೆಣ್ಣು ಕೂಸು, ತಾಯಿ ಮಗಳು ಇಬ್ಬರೂ ಛಲೋ ಇದ್ದರು.

ಮಳೆಗಾಲ ಕಳೆದ ಮೇಲೆ ಅಪ್ಪ ಪಡಸಾಲೆಯಲ್ಲಿ ಭಾಷಣದ ತಾಲೀಮು ನಡೆಸಿದರು. ಆಯಿ ಸಭಾಪತಿ, ಕೈಯಲ್ಲಿ ದೇವರ ಕೋಣೆಯ ಗಂಟೆ. ನಾನು ಮಂತ್ರಿ, ಅಡ್ಡ ಪ್ರಶ್ನೆ ಕೇಳುವುದು ನನ್ನ ಕೆಲಸ. ಅವ್ವ ಒಲೆಯ ಮುಂದಿನಿಂದಲೇ “ಜೋರ ಹೇಳ್ರಿ, ನನಗ ಕೇಳವಲ್ದು” ಎಂದು ಪ್ರೇಕ್ಷಕರ ಗ್ಯಾಲರಿಯ ಕೆಲಸ ಮಾಡುತ್ತಿದ್ದಳು. ಮುಂಬಯಿಯಿಂದ ಬಂದ ಕಾರ್ಡಿನಲ್ಲಿ ಈ ಸಲ ಸಭೆಯ ಸುದ್ದಿ ಇತ್ತು: ‘ಊಟಕ್ಕೆ ಕರೆದರು. ಮೊದಲು ಉತ್ತರ ಕೊಡಿರಿ, ಆಮೇಲೆ ಬರುತ್ತೇನೆ ಎಂದೆ. ಅವ್ವನಿಗೆ ಹೇಳು.’ ಈ ‘ಅವ್ವ’ ತಮ್ಮ ತಾಯಿಯೋ, ನನ್ನ ತಾಯಿಯೋ ಎಂದು ಅವರು ಬಿಡಿಸಿ ಬರೆದಿರಲಿಲ್ಲ. ಇಬ್ಬರಿಗೂ ಓದಿ ಹೇಳಿದೆ. ಕೆಲವು ತಿಂಗಳ ಮೇಲೆ ನಡಾವಳಿಯ ಪುಸ್ತಕ ಬಂತು. ವಿಭೂತಿ ಹಚ್ಚುವ ಮೊದಲೇ ಹಾಳೆ ಕೊಯ್ದೆ. ಹುಣಸಿಕೊಪ್ಪ ಅಲ್ಲಿತ್ತು. ಅದರ ಕೆಳಗೆ ಉತ್ತರವೂ ಇತ್ತು, ಒಂದೇ ಸಾಲು: ವಿಷಯವು ಸರಕಾರದ ಪರಿಶೀಲನೆಯಲ್ಲಿದೆ. ಪುಸ್ತಕವನ್ನು ಎತ್ತಿಕೊಂಡು ನಾಗವ್ವನ ಮನೆಗೆ ಓಡಿ, ಬೆರಳಿಟ್ಟು ತೋರಿಸಿದೆ. ಆಕೆ ಆ ಅಕ್ಷರಗಳ ಮೇಲೆ ತನ್ನ ಬೆರಳನ್ನೂ ಒಮ್ಮೆ ಆಡಿಸಿದಳು.

“ಹೆಸರ ಬಂತು. ಛಲೋ ಆತು. ಕಲ್ಲ ಯಾವಾಗ ಬರ್ತಾವ?”

ಆ ಪ್ರಶ್ನೆಯನ್ನು ನಾನು ಬಿಟ್ಟುಕೊಟ್ಟಿಲ್ಲ. ತೊಲೆಗಳು ಮೂರನೆಯ ಮಳೆಗಾಲದಲ್ಲಿ ಕೊಚ್ಚಿಹೋದವು. ಅಪ್ಪ ಕೊಟ್ಟದ್ದು ಅಪ್ಪನ ಮಹಡಿ, ಅದನ್ನು ಕೊಡಲು ಶಾಸನಸಭೆಯ ಸದಸ್ಯರೇ ಆಗಬೇಕೆಂದಿರಲಿಲ್ಲ. ಸದಸ್ಯರಾಗಿ ಅವರು ಕೊಡಿಸಬೇಕಾಗಿದ್ದ ಸೇತುವೆ ಪರಿಶೀಲನೆಯಲ್ಲೇ ಉಳಿಯಿತು. ಯುದ್ಧ ಬಂತು, ಸಭೆ ನಿಂತಿತು, ಅಪ್ಪ ಸೆರೆಮನೆ ಕಂಡು ಬಂದರು. ಆಯಿ ತೀರಿಕೊಂಡಳು. ನಾನು ಧಾರವಾಡದಲ್ಲಿ ಕಾಲೇಜು ಮುಗಿಸಿ ಮುಂಬಯಿಯಲ್ಲಿ ಎಂ.ಎ. ಮಾಡಿದೆ. ಸ್ವಾತಂತ್ರ್ಯ ಬಂತು, ಮತ್ತೆ ಆರಿಸಿ ಬಂದ ಅಪ್ಪ ಈಗ ಅದೇ ಸಭೆಯಲ್ಲಿದ್ದಾರೆ. ಅಲ್ಲಿಯ ಗ್ಯಾಲರಿಯಲ್ಲಿ ಕುಳಿತು ಅವರು ಎದ್ದು ನಿಲ್ಲುವುದನ್ನು ನೋಡಿದ್ದೇನೆ, ಹೆಮ್ಮೆಪಟ್ಟಿದ್ದೇನೆ. ಆ ಹೆಮ್ಮೆಯ ಕಾರಣಕ್ಕೆ ಕೇಳುವುದನ್ನು ಬಿಡಲಾಗುವುದಿಲ್ಲ. ಆ ಆಷಾಢದಲ್ಲಿ ಹುಟ್ಟಿದ ಹುಡುಗಿಗೆ ಈಗ ಹನ್ನೊಂದು ವರ್ಷ. ಹಳ್ಳದ ಈಚೆಯ ಶಾಲೆಗೆ ಬರುತ್ತಾಳೆ. ಮಳೆಗಾಲದಲ್ಲಿ ಬರುವುದಿಲ್ಲ.

ಮೊನ್ನೆ ಅಪ್ಪ ಅಧಿವೇಶನ ಮುಗಿಸಿ ಮನೆಗೆ ಬಂದಿದ್ದರು. ಪಡಸಾಲೆಯಲ್ಲಿ ಅವರ ಎದುರಿಗೆ ಕುಳಿತೆ. ಅವ್ವ ಇಬ್ಬರಿಗೂ ತಾಟು ಇಟ್ಟು, ಮೊದಲ ರೊಟ್ಟಿ ಹಾಕಿ ಒಳಗೆ ಹೋದಳು. ಅಪ್ಪ ರೊಟ್ಟಿ ಮುರಿಯಲು ಕೈ ಚಾಚಿ, ನನ್ನ ಮುಖ ನೋಡಿ, ಕೈ ಹಿಂದಕ್ಕೆ ಎಳೆದುಕೊಂಡರು.

“ಕೇಳವಾ, ಕೇಳಿಬಿಡು. ಹುಣಸಿಕೊಪ್ಪ, ಹೌದಲ್ಲೊ?”

“ಹೌದ್ರಿ ಅಪ್ಪಾ. ಕಲ್ಲ ಯಾವಾಗ ಬರ್ತಾವ?”

ಅವರು ಹೇಳತೊಡಗಿದರು. ಕಡತ ಯಾವ ಕಚೇರಿಯಲ್ಲಿದೆ, ಯಾರು ಏನು ಷರಾ ಬರೆದಿದ್ದಾರೆ, ತಾವು ಎಷ್ಟು ಸಲ ಎದ್ದು ನಿಂತು ಕೇಳಿದ್ದಾರೆ ಎಂದು ಒಂದನ್ನೂ ಮುಚ್ಚಿಡದೆ ಹೇಳಿದರು. ಕೊನೆಗೆ, ಕನ್ನಡಿಗರಿಗೆಲ್ಲ ಒಂದೇ ಪ್ರಾಂತವಾಗಲಿ, ನಮ್ಮದೇ ಭಾಷೆಯ ಸಭೆಯಾಗಲಿ, ಆಗ ನೋಡು ಎಂದರು. ಅಲ್ಲಿಯವರೆಗೆ ಎಷ್ಟು ಆಷಾಢಗಳು ಅಪ್ಪಾ ಎಂದೆ. ಅವರು ತಲೆ ತಗ್ಗಿಸಿ ಮತ್ತೆ ಮೊದಲಿನಿಂದ ಯೋಚಿಸತೊಡಗಿದರು. ತಾಟಿನಲ್ಲಿ ರೊಟ್ಟಿ ಆರಿ ಸೆಟೆದು ನಿಂತಿತ್ತು. ಒಳಗೆ ತಟ್ಟುವ ಸದ್ದು ನಿಂತಿತು. ಅವ್ವನ ದನಿ ಬಂತು:

“ಉತ್ತರಾ ಮುಗೀತೇನ್ರಿ? ಇಲ್ಲಾಂದ್ರ ಒಲಿ ಮ್ಯಾಲಿಂದ ಹಂಚ ಇಳಸ್ತೇನಿ.”

ಅಪ್ಪ ನನ್ನ ಕಡೆ ನೋಡಿದರು. ನಾನು ಇನ್ನೂ ತಾಟಿಗೆ ಕೈ ಹಚ್ಚಿರಲಿಲ್ಲ.

“ಇಳಸು,” ಎಂದರು ಅಪ್ಪ. “ಇನ್ನೂ ಮುಗದಿಲ್ಲ.”